ಕೂಳೆಗದ್ದೆಯ ವಿಶ್ವಕಪ್

ಏಪ್ರಿಲ್ ಬಂತೆಂದರೆ ನಮ್ಮ ತಲ್ಲೂರಿನಲ್ಲಿ ಬರಿದಾದ ಗದ್ದೆಯೆಲ್ಲ ಸ್ಟೇಡಿಯಂ. ಮೊದಲ ಹಕ್ಕು ಕ್ರಿಕೆಟ್ಟಿನದು; ಫುಟ್‌ಬಾಲಿನ ಮಕ್ಕಳಿಗೆ ಉಳಿಯುವುದು ಮೂಲೆಯ ಓರೆಗದ್ದೆ, ಅಂಗಾಲಿಗೆ ಚುಚ್ಚುವ ಕೂಳೆಯ ಸಮೇತ. ಗೋಲ್‌ಕಂಬ ಎಂದರೆ ಎರಡು ಜೊತೆ ಚಪ್ಪಲಿ. ಚೆಂಡು ಚಪ್ಪಲಿಯ ಮೇಲೆ ಹಾರಿಹೋದರೆ ಗೋಲೋ ಅಲ್ಲವೋ ಎಂಬ ತಕರಾರು ತೀರುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಇಂಥದ್ದಕ್ಕೇ 2018ರ ವಿಶ್ವಕಪ್‌ಗೆ ವಿಡಿಯೊ ರೆಫರಿಯನ್ನು ತಂದರು. ನಮ್ಮಲ್ಲಿ ಆ ಕೆಲಸ ಕಟ್ಟೆಯ ಮೇಲೆ ಎಲೆ ಅಡಿಕೆ ಜಗಿಯುವ ಅಜ್ಜಯ್ಯನದು. ಬಾಯಿ ಖಾಲಿಯಾಗುವ ತನಕ ತೀರ್ಪಿಲ್ಲ!

ಸೋತ ಮಕ್ಕಳು ಐದು ನಿಮಿಷ ಅತ್ತು ಐಸ್‌ಕ್ಯಾಂಡಿ ಚೀಪುತ್ತಾರೆ. ಕಷ್ಟ ಅಪ್ಪಂದಿರದು, ಅವರಿಗೆ ರಾತ್ರಿ ಊಟವೇ ಸೇರುವುದಿಲ್ಲ. ನಾನೂ ಆ ಜಾತಿಯವನೇ. ಆದರೂ ಮಗ ಬೂಟು ಕೇಳಿದಾಗ, ಬೆಲೆ ನೋಡಿ ಚರಿತ್ರೆಗೆ ಶರಣಾದೆ: "1911ರಲ್ಲಿ ಮೋಹನ್ ಬಗಾನಿನ 11 ಜನರಲ್ಲಿ 10 ಮಂದಿ ಬರಿಗಾಲಲ್ಲೇ ಆಡಿ, ಬ್ರಿಟಿಷ್ ಪಡೆಯ ತಂಡವನ್ನು 2–1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿರ್, ಗೊತ್ತಿತಾ?"

ಮಗ ಬೆರಳು ಎಣಿಸಿದ. "ಹಂಗಾರೆ ಬೂಟ್ ಹಾಕಂಡವ ಒಬ್ಬ ಇದ್ದ ಅಲ್ದಾ ಅಪ್ಪಯ್ಯ? ಅವ ನಾನೇ ಅಂದ್ಕಣಿ."