ಸೇವಾಸಂಧಾನ ಮೀಮಾಂಸೆ
ಅಥವಾ ಗಿರಿನಗರದ ದೇವದತ್ತನೂ ಆರು ಕಚೇರಿಗಳ ಕಂಪ್ಯೂಟರುಗಳೂ

ಅಧಿಕಾರಿ, ವಿಷಯ, ಪ್ರಯೋಜನ

ಯಾವುದೇ ಶಾಸ್ತ್ರವು ತನ್ನನ್ನು ಓದಲು ಯಾರು ಅರ್ಹರೆಂದು ಮೊದಲಿಗೇ ಹೇಳತಕ್ಕದ್ದು. ಬೆಂಗಳೂರಿನಲ್ಲಿ ಸ್ವಂತ ಮನೆಯುಳ್ಳವನೂ, ಅದರ ಕಾಗದಗಳನ್ನೆಲ್ಲ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಬೀರುವಿಗೆ ಬೀಗ ಹಾಕಿದವನೂ, ಆ ಬೀಗದ ಕೈ ಎಲ್ಲಿದೆಯೆಂದು ಹೆಂಡತಿಯನ್ನು ಕೇಳುವವನೂ ಇದಕ್ಕೆ ಅಧಿಕಾರಿ. ಬಾಡಿಗೆದಾರರಿಗೆ ಶ್ರವಣ ಮಾತ್ರ ವಿಹಿತ.

ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದ ತಂತ್ರಾಂಶಗಳು ಪರಸ್ಪರ ಮಾತಾಡುವ ಬಗೆಯೇ ಇಲ್ಲಿನ ವಿಷಯ. ಲೋಕದಲ್ಲಿ ಇದಕ್ಕೆ ಸರ್ವಿಸ್ ಓರಿಯೆಂಟೆಡ್ ಆರ್ಕಿಟೆಕ್ಚರ್, ಸಂಕ್ಷೇಪದಲ್ಲಿ ಎಸ್‌ಒಎ, ಎಂದು ಹೆಸರು. 1996ರಲ್ಲಿ ಗಾರ್ಟ್ನರ್ ಸಂಸ್ಥೆಯ ರಾಯ್ ಶುಲ್ಟೆ ಮತ್ತು ಯೆಫಿಮ್ ನಾಟಿಸ್ ಎಂಬ ಆಚಾರ್ಯದ್ವಯರು ಇದನ್ನು ಪ್ರಕಟಪಡಿಸಿದರು. ಫೈಲು ಬೀರುವಿನಿಂದ ಹೊರಗೆ ಬಾರದಿರುವುದೇ ಇದರ ಪ್ರಯೋಜನ.

ದೃಷ್ಟಾಂತಪುರುಷ

ಹಗಲು ಉಣ್ಣದೆಯೂ ದಪ್ಪಗಿರುವ ದೇವದತ್ತನನ್ನು ತರ್ಕಶಾಸ್ತ್ರಜ್ಞರು ಶತಮಾನಗಳಿಂದ ದುಡಿಸಿಕೊಂಡಿದ್ದಾರೆ. ಅವನು ಈಗ ನಿವೃತ್ತನಾಗಿ ಗಿರಿನಗರ ಎರಡನೇ ಹಂತದಲ್ಲಿ, ತಂದೆ ಕೊಂಡ ಮನೆಯಲ್ಲಿದ್ದಾನೆ ಎಂದು ಕಲ್ಪಿಸಿಕೊಳ್ಳಿ. ರಾತ್ರಿ ಅವನು ಎಲ್ಲಿ ಉಣ್ಣುತ್ತಾನೆ ಎಂಬುದನ್ನು ಅನುಮಾನದಿಂದ ಸಾಧಿಸಬೇಕಿಲ್ಲ. ಸೀತಾ ಸರ್ಕಲ್ಲಿನ ಚಾಟ್ ಗಾಡಿಯವನಿಗೆ ಅದು ಪ್ರತ್ಯಕ್ಷ. ಮಗ ಯಜ್ಞದತ್ತ ಇದೇ ಶಾಸ್ತ್ರದಲ್ಲಿ ಪಂಡಿತ. ನ್ಯೂಜೆರ್ಸಿಯ ಬ್ಯಾಂಕೊಂದರ ನಲವತ್ತು ತಂತ್ರಾಂಶಗಳನ್ನು ಒಂದಕ್ಕೊಂದು ಬೆಸೆದವನು. ಮನೆಯ ಕರೆಂಟು ಬಿಲ್ಲು ಇನ್ನೂ ತಾತನ ಹೆಸರಿನಲ್ಲೇ ಬರುತ್ತದೆ.

ಸೂತ್ರ 1: ಒಳಗನ್ನು ಕೆದಕಬೇಡ, ಕರಾರನ್ನು ಕೇಳು

ಭಾಷ್ಯ: ಸೇವೆ ಕೊಡುವವನು ಒಳಗೆ ಏನು ಮಾಡುತ್ತಾನೆಂದು ಸೇವೆ ಪಡೆಯುವವನು ಇಣುಕತಕ್ಕದ್ದಲ್ಲ. ಏನು ಕೊಟ್ಟರೆ ಏನು ಸಿಗುತ್ತದೆ ಎಂಬ ಕರಾರಷ್ಟೇ ಅವರ ನಂಟು. ಯಂತ್ರಗಳು ಈ ಕರಾರನ್ನು ಓದಲೆಂದು 2000ರಲ್ಲಿ ಡಬ್ಲ್ಯುಎಸ್‌ಡಿಎಲ್ ಎಂಬ ಬರವಣಿಗೆಯ ಕ್ರಮವನ್ನೇ ಮಾಡಲಾಯಿತು. ಅದನ್ನು ಮನುಷ್ಯರು ಓದಿ ಸುಖಪಟ್ಟ ದಾಖಲೆಯಿಲ್ಲ.

ಉದಾಹರಣೆಗೆ ದೇವದತ್ತನ ಮನೆಯ ಸ್ವಿಚ್ಚು. ತಂದೆ ಅದನ್ನು ಒತ್ತಿದಾಗ ಕರೆಂಟು ಕೊಟ್ಟದ್ದು ಕೆಇಬಿ, 1999ರಲ್ಲಿ ಕೆಪಿಟಿಸಿಎಲ್, 2002ರಿಂದ ಬೆಸ್ಕಾಂ. ಸ್ವಿಚ್ಚಿಗೆ ಈ ಯಾವ ಸುದ್ದಿಯೂ ಮುಟ್ಟಿಲ್ಲ. ಹಾಗೆಯೇ 2007ರಲ್ಲಿ ಪಾಲಿಕೆ ಬೃಹತ್ತಾದರೂ, 2025ರಲ್ಲಿ ಆ ಬೃಹತ್ತು ಐದು ಪಾಲಿಕೆಗಳಾಗಿ ಒಡೆದರೂ, ಖಾತೆ ಕೇಳುವವನ ಪಾಲಿಗೆ ಕರಾರು ಬದಲಾಗಕೂಡದು. ಬೋರ್ಡು ಬದಲಾಗಬಹುದು, ಬೋರ್ಡು ಬರೆಯುವವರಿಗೂ ಹೊಟ್ಟೆಯಿದೆ.

ಸೂತ್ರ 2: ಎಲ್ಲರೂ ಎಲ್ಲರೊಡನೆ ಮಾತಾಡಿದರೆ ಸಂತೆ

ಭಾಷ್ಯ: ದೇವದತ್ತನ ಮನೆಯ ವಿಚಾರ ಬಲ್ಲವರು ಆರು ಮಂದಿ: ಪಾಲಿಕೆ, ಸಬ್‌ರಿಜಿಸ್ಟ್ರಾರ್, ಬಿಡಿಎ, ಬೆಸ್ಕಾಂ, ಜಲಮಂಡಳಿ, ಆಧಾರ್. ಪ್ರತಿಯೊಬ್ಬರೂ ಉಳಿದ ಐವರೊಡನೆ ನೇರ ತಂತಿ ಎಳೆದರೆ ಒಟ್ಟು ಹದಿನೈದು ತಂತಿ. ಒಬ್ಬರು ತಂತ್ರಾಂಶ ಬದಲಿಸಿದರೆ ಐದು ತಂತಿ ಕಡಿಯುತ್ತವೆ. ನಡುವೆ ಒಬ್ಬ ಮಧ್ಯಸ್ಥನನ್ನು ಕೂರಿಸಿದರೆ ಆರೇ ಸಾಕು. ಈ ಮಧ್ಯಸ್ಥನಿಗೆ ಎಂಟರ್‌ಪ್ರೈಸ್ ಸರ್ವಿಸ್ ಬಸ್ ಎಂದು ಸಂಜ್ಞೆ. ಅದು ಬನಶಂಕರಿಗೆ ಹೋಗುತ್ತದೆಯೇ ಎಂದು ಕೇಳುವ ಶಿಷ್ಯರನ್ನು ಪಾಠದಿಂದ ಎಬ್ಬಿಸತಕ್ಕದ್ದು.

ಮಧ್ಯಸ್ಥನ ಲಕ್ಷಣಗಳು ಮೂರು. ಒಂದು ಕಡೆಯ ಮಾಹಿತಿಯನ್ನು ಇನ್ನೊಂದು ಕಡೆಗೆ ಒಯ್ಯುವುದು, ಒಯ್ಯುವಾಗ ಅಲ್ಲಿನ ನಮೂನೆಗೆ ತಕ್ಕಂತೆ ಬದಲಿಸುವುದು, ಉತ್ತರ ಬಾರದಿದ್ದರೆ ಮತ್ತೆ ಯತ್ನಿಸುವುದು. ಈ ಮೂರೂ ದೇವದತ್ತನಲ್ಲಿ ಮೊದಲಿನಿಂದಲೇ ಇವೆ. ಅವನು ಜೆರಾಕ್ಸ್ ಒಯ್ಯುತ್ತಾನೆ. ಕ್ರಯಪತ್ರದ ಅಳತೆಯನ್ನು ತೆರಿಗೆ ಫಾರಮ್ಮಿನ ಚೌಕಗಳಿಗೆ ತುಂಬುತ್ತಾನೆ. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂದರೆ ನಾಳೆ ಬರುತ್ತಾನೆ. ಯಂತ್ರಕ್ಕೆ ಎಸಿ ಬೇಕು, ಇವನಿಗೆ ಮಜ್ಜಿಗೆ ಸಾಕು. ಆದ್ದರಿಂದ ಎಸ್‌ಒಎ ಬೆಂಗಳೂರಿಗೆ ಹೊಸದಲ್ಲ. ಇಷ್ಟು ದಿನ ಅದು ಸ್ಕೂಟರಿನಲ್ಲಿ ಓಡಾಡುತ್ತಿತ್ತು.

ಸೂತ್ರ 3: ದುಡ್ಡು ನಂಬರ್ ಕೇಳುತ್ತದೆ, ಒಡೆತನ ಹೆಸರು ಕೇಳುತ್ತದೆ

ಭಾಷ್ಯ: ಇದೇ ಈ ಶಾಸ್ತ್ರದ ಮರ್ಮ. 2005ರ ಏಪ್ರಿಲ್ 2ರಂದು ಬೆಂಗಳೂರು ಒನ್ ಶುರುವಾಗಿ ಕರೆಂಟು, ನೀರು, ಫೋನುಗಳ ಬಿಲ್ಲನ್ನು ಒಂದೇ ಕೌಂಟರಿನಲ್ಲಿ ಕಟ್ಟುವಂತಾಯಿತು. ದೇವದತ್ತ ತೀರಿಹೋದ ತಂದೆಯ ಹೆಸರಿನ ಬಿಲ್ಲನ್ನು ಅಲ್ಲಿ ನಿರಾತಂಕವಾಗಿ ಕಟ್ಟಿದ. ಕಟ್ಟುವವನು ಯಾರೆಂದು ದುಡ್ಡು ಕೇಳುವುದಿಲ್ಲ. ಸಂಪರ್ಕದ ಗುರುತಾದ ಆರ್‌ಆರ್ ನಂಬರ್ ಸರಿಯಿದ್ದರಾಯಿತು.

ನಂಬರಿನಲ್ಲೂ ತೊಡಕಿಲ್ಲವೆಂದಲ್ಲ. ಬೆಸ್ಕಾಂಗೂ ಆರ್‌ಆರ್ ನಂಬರ್ ಇದೆ, ಜಲಮಂಡಳಿಗೂ ಇದೆ, ಒಂದು ಇನ್ನೊಂದಲ್ಲ. ಇಂಥ ಸಂಕರವನ್ನು ತಪ್ಪಿಸಲೆಂದೇ, ಯಂತ್ರಗಳು ಮಾಹಿತಿ ಬರೆದಿಡುವ ಎಕ್ಸ್‌ಎಂಎಲ್‌ನಲ್ಲಿ ನೇಮ್‌ಸ್ಪೇಸ್ ಎಂಬ ಏರ್ಪಾಡಿದೆ. ಹಿರಿಯರಿಗೆ ನಮಸ್ಕರಿಸುವ ವಟು ಗೋತ್ರ, ಸೂತ್ರ, ಶಾಖೆ ಹೇಳಿ ಆಮೇಲೆ ಹೆಸರು ಹೇಳುವಂತೆ, ಪ್ರತಿ ಪದವೂ ಮೊದಲು ತನ್ನ ಕುಲ ಹೇಳಿಕೊಳ್ಳುತ್ತದೆ. ಗೋತ್ರ ಬೇರೆಯಾದರೆ ಎರಡು ಆರ್‌ಆರ್ ನಂಬರುಗಳು ಒಂದೇ ಕಡತದಲ್ಲಿ ದೋಷವಿಲ್ಲದೆ ಬಾಳಬಲ್ಲವು.

ಹೆಸರಿಗೆ ಅಂಥ ಪರಿಹಾರವಿಲ್ಲ. 2024ರ ಅಕ್ಟೋಬರಿನಲ್ಲಿ ಪಾಲಿಕೆಯು ಇಪ್ಪತ್ತು ಲಕ್ಷಕ್ಕೂ ಮಿಕ್ಕ ಆಸ್ತಿಗಳ ಕರಡು ಇ-ಖಾತೆಗಳನ್ನು ಆನ್‌ಲೈನಿನಲ್ಲಿಟ್ಟಿತು. ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. ಅಂತಿಮ ಖಾತೆಗೆ ಬೇಕಾದವು ಆಧಾರ್, ಆಸ್ತಿ ತೆರಿಗೆಯ ಅರ್ಜಿ ಸಂಖ್ಯೆ, ಕ್ರಯಪತ್ರದ ನೋಂದಣಿ ಸಂಖ್ಯೆ, ಋಣಭಾರ ಪತ್ರ (ಇ.ಸಿ.), ಬೆಸ್ಕಾಂನ ಹತ್ತಂಕಿ ಸಂಖ್ಯೆ ಮತ್ತು ಮನೆಯ ಫೋಟೊ. ಶಾಸ್ತ್ರದೃಷ್ಟಿಯಿಂದ ಇದು ರಾಜಸೂಯ. ಆರು ಬಾಯಿಗಳು ಒಂದೇ ಸಂಗತಿಯನ್ನು ಹೇಳಬೇಕು.

ಹೇಳಿದವು. ಒಂದರಲ್ಲಿ ದೇವದತ್ತನ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರ ಇಂಗ್ಲಿಷಿನಲ್ಲಿ ಎರಡು ಟಿ. ಇನ್ನೊಂದರಲ್ಲಿ, ತಕಾರಕ್ಕೆ ಎಚ್ ಹಚ್ಚದಿದ್ದರೆ ಕನ್ನಡಿಗನೆನಿಸಲಾರನೆಂಬ ಅಭಿಮಾನದಿಂದ, ಎರಡು ಟಿ ಎರಡು ಎಚ್. ಕರೆಂಟು ಬಿಲ್ಲಿನಲ್ಲಿ ತಂದೆ, ತೆರಿಗೆ ರಸೀದಿಯಲ್ಲಿ ತಂದೆಗೆ ಮನೆ ಮಾರಿದವರು. ಸಂದೇಶಗಳೆಲ್ಲ ಕ್ಷಣಾರ್ಧದಲ್ಲಿ ಮುಟ್ಟಿದವು. ಮುಟ್ಟಿದಾಗ ದೇವದತ್ತ ನಾಲ್ವರಾಗಿದ್ದ. ಅನೇಕದಲ್ಲಿ ಏಕವನ್ನು ಕಾಣುವುದು ಕತ್ತರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠದವರಿಗೆ ಸಮ್ಮತವಲ್ಲ. ಕಂಪ್ಯೂಟರುಗಳು ಸಹ ಈ ವಿಷಯದಲ್ಲಿ ಕಟ್ಟಾ ದ್ವೈತಿಗಳೆಂದು ಇದರಿಂದ ಸಿದ್ಧವಾಗುತ್ತದೆ.

ಪೂರ್ವಪಕ್ಷ ಮತ್ತು ಖಂಡನೆ

ಆಕ್ಷೇಪ: ಎಸ್‌ಒಎ ಸತ್ತಿದೆಯಲ್ಲ? ಸೇವೆಗಳ ಜಗದ್ವ್ಯಾಪಿ ಪಟ್ಟಿಯಾಗಬೇಕಿದ್ದ ಯುಡಿಡಿಐ ದಾಖಲೆಯನ್ನು ಐಬಿಎಂ, ಮೈಕ್ರೋಸಾಫ್ಟ್, ಎಸ್‌ಎಪಿ ಕಂಪನಿಗಳು 2006ರಲ್ಲೇ ಮುಚ್ಚಿದವು. 2009ರ ಜನವರಿಯಲ್ಲಿ ಆ್ಯನ್ ಥಾಮಸ್ ಮೇನ್ಸ್ ಎಂಬಾಕೆ ಎಸ್‌ಒಎಯ ಮರಣವಾರ್ತೆಯನ್ನೂ ಬರೆದರು.

ಸಮಾಧಾನ: ಸತ್ತದ್ದು ಶರೀರ. ಸೇವೆಗಳು ಉಳಿದೇ ಇರುತ್ತವೆಂದು ಆ ಮರಣವಾರ್ತೆಯಲ್ಲೇ ಇದೆ. 2014ರ ಹೊತ್ತಿಗೆ ಅದೇ ಜೀವ ಮೈಕ್ರೋಸರ್ವಿಸ್ ಎಂಬ ಸೂಕ್ಷ್ಮ ಶರೀರ ಧರಿಸಿ ಬಂತು. ಯಜ್ಞದತ್ತನ ಸಂಬಳ ಪ್ರತಿ ಜನ್ಮದಲ್ಲೂ ಏರಿರುವುದೇ ಇದಕ್ಕೆ ಪ್ರಮಾಣ.

ಆಕ್ಷೇಪ: ಹಾಗಾದರೆ ಆ ಪಂಡಿತ ಅಪ್ಪನ ತೊಡಕನ್ನು ಏಕೆ ಬಿಡಿಸಲಿಲ್ಲ?

ಸಮಾಧಾನ: ಬಿಡಿಸಲು ಕೂತ. ವಿಡಿಯೊ ಕಾಲಿನಲ್ಲಿ ಎರಡು ಗಂಟೆ ನೋಡಿ, ‘ಅಪ್ಪಾ, ಆರ್ಕಿಟೆಕ್ಚರ್ ಸರಿಯಾಗೇ ಇದೆ. ಡೇಟಾ ಸರಿಯಿಲ್ಲ’ ಎಂದ. ಜಗತ್ತಿನ ಎಲ್ಲ ಎಸ್‌ಒಎ ಪ್ರಾಜೆಕ್ಟುಗಳ ಕೊನೆಯ ವರದಿಯೂ ಇದೇ.

ವಿಧಿ

ತಂತಿ ಎಳೆಯುವುದು ಸುಲಭ, ಕರಾರು ಬರೆಯುವುದು ಸುಲಭ. ತಂತಿಯ ಎರಡೂ ತುದಿಗೆ ಒಬ್ಬನೇ ಮನುಷ್ಯನಿದ್ದಾನೆಂದು ಒಪ್ಪಿಸುವುದು ಕಷ್ಟ. ಆದ್ದರಿಂದ ಸಂಧಾನವನ್ನು ಸರ್ವರಿನಲ್ಲಿ ಅಲ್ಲ, ನಾಮಕರಣದಲ್ಲೇ ಆರಂಭಿಸತಕ್ಕದ್ದು. ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಹೆಸರನ್ನು ಉಂಗುರದಿಂದ ಕನ್ನಡದಲ್ಲಿ ಬರೆದ ಮೇಲೆ, ಪಕ್ಕದಲ್ಲೇ ಇಂಗ್ಲಿಷ್ ಸ್ಪೆಲ್ಲಿಂಗನ್ನೂ ಬರೆಯುವುದು. ಎಚ್ ಎಷ್ಟು, ಇನಿಷಿಯಲ್ ಮುಂದೋ ಹಿಂದೋ ಎಂಬುದನ್ನು ಪುರೋಹಿತರು, ಸೋದರಮಾವ ಮತ್ತು ಒಬ್ಬ ನೋಟರಿಯ ಸಮ್ಮುಖದಲ್ಲಿ ನಿಶ್ಚಯಿಸುವುದು. ಮುಹೂರ್ತ ಮೀರೀತು, ಮಗು ಅತ್ತೀತು. ಅಳಲಿ. ಅರವತ್ತು ತುಂಬಿದ ಮೇಲೆ ಖಾತೆಗಾಗಿ ಅಳುವುದಕ್ಕಿಂತ ತೊಟ್ಟಿಲಲ್ಲಿ ಅತ್ತು ಮುಗಿಸುವುದು ಶ್ರೇಯಸ್ಕರ.