ಬೋರಲು ಹಾಕಿದ ವಜ್ರ

ವಜ್ರ ಕೊಳ್ಳಲು ಹೊರಟವರು ಬ್ಯಾಂಕಿನ ಪಾಸ್‌ಬುಕ್ ತೆರೆಯುವ ಮುಂಚೆ ಒಂದು ವಿಷಯ ಯೋಚಿಸಬೇಕು. ಕೊಂಡ ಮೇಲೆ ಈ ಹರಳನ್ನು ನೋಡುವವರು ಯಾರು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ? ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕುಳಿತ ದೊಡ್ಡಮ್ಮ ಪಕ್ಕದ ಸಾಲಿನವರ ಓಲೆಯನ್ನು ನಾಲ್ಕಡಿ ದೂರದಿಂದ ಅಳೆಯುತ್ತಾರೆ. ಅಳತೆ ಬಹಳ ನಿಖರ. ಯಾರು ಮಾಡಿಸಿದ್ದು, ಯಾವಾಗ, ಅತ್ತೆಗೆ ಹೇಳಿ ಮಾಡಿಸಿದ್ದೋ ಹೇಳದೆಯೋ ಎಂಬುದೆಲ್ಲ ಆ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. ಆದರೆ ಅವರ ಸೆರಗಿನ ಗಂಟಿನಲ್ಲಿ ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರ ಇರುವುದಿಲ್ಲ. ವಜ್ರದ ಬೆಲೆಯ ದೊಡ್ಡದೊಂದು ಪಾಲು ನಿಂತಿರುವುದು ಆ ಮಸೂರದ ಮೇಲೆಯೇ. ನಾನು ಹೇಳಹೊರಟಿರುವುದು ಇಷ್ಟೆ: ಕಣ್ಣಿಗೆ ಕಾಣುವ ಗುಣ ಯಾವುದು, ಕಾಗದದಲ್ಲಿ ಮಾತ್ರ ಇರುವ ಗುಣ ಯಾವುದು ಎಂದು ಮೊದಲು ಬಿಡಿಸಿಕೊಳ್ಳಿ. ಮೊದಲನೆಯದಕ್ಕೆ ಧಾರಾಳವಾಗಿ ದುಡ್ಡು ಕೊಡಿ, ಎರಡನೆಯದಕ್ಕೆ ಕೈ ಬಿಗಿಹಿಡಿಯಿರಿ.

ಬಣ್ಣ, ಶುದ್ಧತೆ, ಕಟ್, ಕ್ಯಾರೆಟ್ ಎಂದು ಅಂಗಡಿಯವರು ಒಪ್ಪಿಸುವ ನಾಲ್ಕು ಅಳತೆಗಳು ಅಮೆರಿಕದ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಜಿಐಎ, ರೂಢಿಗೆ ತಂದವು. 1931ರಲ್ಲಿ ಹುಟ್ಟಿದ ಈ ಸಂಸ್ಥೆ 1950ರ ದಶಕದಲ್ಲಿ ಹಾಕಿಕೊಟ್ಟ ಶ್ರೇಣಿಯನ್ನೇ ಇವತ್ತು ಚಿಕ್ಕಪೇಟೆಯ ಗಲ್ಲಿಯಲ್ಲೂ ಪಠಿಸುತ್ತಾರೆ. ಬಣ್ಣಕ್ಕೆ ಡಿಯಿಂದ ಜೆಡ್‌ವರೆಗಿನ ಅಕ್ಷರಗಳು. ಮಗ ಪರೀಕ್ಷೆಯಲ್ಲಿ ಡಿ ತಂದರೆ ಊಟ ಬಿಡುವ ಅಪ್ಪ, ಮಗಳ ಮೂಗುತಿಗೆ ಡಿ ಸಿಕ್ಕಿತೆಂದು ಹಿಗ್ಗುತ್ತಾನೆ. ಎ, ಬಿ, ಸಿಗಳನ್ನು ಹಳೆಯ ವ್ಯಾಪಾರಿಗಳು ತಮತಮಗೆ ತೋಚಿದಂತೆ ಬಳಸಿ ಕೆಡಿಸಿಟ್ಟಿದ್ದರಿಂದ ಹೊಸ ಲೆಕ್ಕ ಡಿಯಿಂದ ಶುರುವಾಯಿತು. ಡಿ ಎಂದರೆ ಲವಲೇಶ ಹಳದಿಯೂ ಇಲ್ಲದ್ದು. ಇದನ್ನು ತಜ್ಞರು ಕಂಡುಹಿಡಿಯುವ ಬಗೆ ಸ್ವಾರಸ್ಯವಾಗಿದೆ. ಬಿಡಿ ಹರಳನ್ನು ಬಿಳಿ ತಳದ ಮೇಲೆ ಬೋರಲು ಹಾಕಿ, ಮಾದರಿ ಹರಳುಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ಮೇಲಿನಿಂದ ನೋಡಿದರೆ ಹೊಳಪು ಅಡ್ಡಬಂದು ಸೂಕ್ಷ್ಮ ಬಣ್ಣ ತಜ್ಞರ ಕಣ್ಣಿಗೂ ತಪ್ಪಿಸಿಕೊಳ್ಳುತ್ತದೆ. ಅಂದರೆ ಡಿಗೂ ಎಫ್‌ಗೂ ಇರುವ ವ್ಯತ್ಯಾಸ ಕಾಣಬೇಕಾದರೆ ಹರಳನ್ನು ಒಡವೆಯಿಂದ ಬಿಚ್ಚಿ ತಲೆಕೆಳಗು ಮಾಡಬೇಕು. ಮೂಗುತಿಯನ್ನು ಬೋರಲು ಹಾಕಿಕೊಳ್ಳುವ ಸಂಪ್ರದಾಯ ಕರ್ನಾಟಕದ ಯಾವ ಜಿಲ್ಲೆಯಲ್ಲೂ ಇದ್ದಂತಿಲ್ಲ. ಮೇಲಾಗಿ ಆ ಡಿ ಹರಳನ್ನು ಹಳದಿ ಚಿನ್ನದಲ್ಲಿ ಕೂರಿಸಿದರೆ ಸುತ್ತಲಿನ ಹಳದಿಯೆಲ್ಲ ಹರಳಿನೊಳಗೆ ಪ್ರತಿಫಲಿಸುತ್ತದೆ. ಬಟ್ಟಿ ಇಳಿಸಿದ ನೀರು ತರಿಸಿ ಹುಳಿ ಕುದಿಸಿದ ಹಾಗೆ. ಹಳದಿ ಚಿನ್ನಕ್ಕೆ ಜಿ, ಎಚ್ ಸಾಕು. ಪ್ಲಾಟಿನಂ ಅಥವಾ ಬಿಳಿ ಚಿನ್ನವಾದರೆ ಬೇಕಿದ್ದರೆ ಒಂದೆರಡು ಮೆಟ್ಟಿಲು ಮೇಲೆ ಹೋಗಿ.

ಶುದ್ಧತೆಗೆ ಹನ್ನೊಂದು ಮೆಟ್ಟಿಲು. ಮೇಲೆ ಕಳಂಕವೇ ಇಲ್ಲದ್ದು, ಆಮೇಲೆ ವಿವಿಎಸ್, ವಿಎಸ್, ಎಸ್‌ಐ ಎಂದು ಇಳಿಯುತ್ತ, ಬರಿಗಣ್ಣಿಗೇ ಕಲೆ ಕಾಣುವ ಐ ವರ್ಗದವರೆಗೆ. ನಮ್ಮ ರತ್ನಶಾಸ್ತ್ರದವರೂ ಈ ಕೆಲಸದಲ್ಲಿ ಹಿಂದೆ ಬಿದ್ದವರಲ್ಲ. ಮಲ, ಬಿಂದು, ಯವ, ರೇಖೆ, ಕಾಕಪಾದ ಎಂದು ವಜ್ರದ ದೋಷಗಳನ್ನು ಎಣಿಸಿಟ್ಟಿದ್ದಾರೆ. ಇಂದಿನ ಪ್ರಯೋಗಾಲಯದವರು ಚುಕ್ಕಿ, ಮೋಡ, ಸೂಜಿ, ಗರಿ ಎನ್ನುತ್ತಾರೆ. ಕಾಗೆಯ ಕಾಲಿನಿಂದ ಹಕ್ಕಿಯ ಗರಿಗೆ ಬರಲು ಇಷ್ಟು ಶತಮಾನ ಹಿಡಿಯಿತು. ವರಾಹಮಿಹಿರನ ಬೃಹತ್ಸಂಹಿತೆಯಂತೂ ಬಣ್ಣ ನೋಡಿ ಕಲ್ಲಿಗೂ ಜಾತಿ ಹಂಚಿದೆ: ಬಿಳಿಯದು ಬ್ರಾಹ್ಮಣರಿಗೆ, ಕೆಂಪು ಹಳದಿ ಕ್ಷತ್ರಿಯರಿಗೆ. ಒಳ್ಳೆಯ ವಜ್ರ ನೀರಿನ ಮೇಲೆ ತೇಲುತ್ತದೆ ಎಂಬ ಮಾತೂ ಅಲ್ಲಿದೆ. ವಜ್ರ ನೀರಿಗಿಂತ ಮೂರೂವರೆ ಪಟ್ಟು ಸಾಂದ್ರವಾದ್ದರಿಂದ ಆ ಪರೀಕ್ಷೆ ಇಟ್ಟರೆ ಕೊಹಿನೂರೂ ಫೇಲು. ಹಳೆಯ ದೋಷಗಳು ಕುಲಕ್ಕೆ ಕೇಡು ತರುತ್ತಿದ್ದವಂತೆ. ಹೊಸ ದೋಷಗಳು ಜೇಬಿಗೆ ಮಾತ್ರ. ವಿಎಸ್ ವರ್ಗದ ಕಲೆ ಬರಿಗಣ್ಣಿಗೆ ಕಾಣದು, ಎಸ್‌ಐ ವರ್ಗದಲ್ಲೂ ಎಷ್ಟೋ ಹರಳುಗಳಲ್ಲಿ ಕಾಣದು. ಕೇಳಬೇಕಾದ್ದು ಕಲೆ ಎಲ್ಲಿದೆ ಎಂದು. ಪ್ರಪಂಚದ ಅತ್ಯಂತ ಗಟ್ಟಿ ವಸ್ತು ಎಂಬ ಬಿರುದು ಗೀಚುವಿಕೆಗೆ ಸಂಬಂಧಿಸಿದ್ದು, ಪೆಟ್ಟಿಗಲ್ಲ. ಹರಳಿನ ಅಂಚಿಗೆ ತಾಕುವ ಬಿರುಕಿದ್ದರೆ, ಒಂದು ಏಟು ಸರಿಯಾದ ದಿಕ್ಕಿನಲ್ಲಿ ಬಿದ್ದರೆ, ಅದು ಸೀಳುತ್ತದೆ. ಒಳಗೆಲ್ಲೋ ಇರುವ ಚುಕ್ಕಿ ನಿರುಪದ್ರವಿ.

ತೂಕದ ಮಾತು ಬೇಗ ಮುಗಿಸಬಹುದು. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ನೂರು ಸೆಂಟ್. ಬೆಲೆ ತೂಕದ ಜೊತೆ ಸಮನಾಗಿ ಏರುವುದಿಲ್ಲ; ಅರ್ಧ, ಒಂದು, ಎರಡು ಎಂಬ ಮೈಲಿಗಲ್ಲು ಬಂದಲ್ಲಿ ನೆಗೆಯುತ್ತದೆ. ಒಂದು ಕ್ಯಾರೆಟ್‌ನ ದುಂಡು ಹರಳಿನ ಅಡ್ಡಳತೆ ಸುಮಾರು 6.5 ಮಿಲಿಮೀಟರ್, ತೊಂಬತ್ತು ಸೆಂಟಿನದು ಸುಮಾರು 6.2. ಆ ಕೂದಲೆಳೆಯ ವ್ಯತ್ಯಾಸಕ್ಕೆ ತೆರುವ ದುಡ್ಡಿನಲ್ಲಿ ಒಂದು ಜೊತೆ ಬಳೆಯೇ ಬಂದೀತು. ಏಳು ಕಲ್ಲಿನ ಓಲೆ ಕೊಳ್ಳುವವರು ಇನ್ನೊಂದು ಲೆಕ್ಕ ನೆನಪಿಡಲಿ: ಜೋಡಿಗೆ ಹದಿನಾಲ್ಕು ಹರಳು, ಒಟ್ಟು ಒಂದು ಕ್ಯಾರೆಟ್ ಎಂದರೆ ಒಂದೊಂದು ಏಳು ಸೆಂಟ್ ಚಿಲ್ಲರೆ. ಇಡಿಯಾದ ಒಂದು ಕ್ಯಾರೆಟ್ ಹರಳಿನ ದರವನ್ನು ಇದಕ್ಕೆ ಹೋಲಿಸುವ ಹಾಗಿಲ್ಲ.

ಇನ್ನು ಕಟ್. ನಾಲ್ಕರಲ್ಲಿ ಮನುಷ್ಯನ ಕೈಗೆ ಪೂರ್ತಿ ಸೇರಿದ್ದು ಇದೊಂದೇ, ನಾಲ್ಕಡಿ ದೂರಕ್ಕೆ ಕಾಣುವುದೂ ಇದೇ. ಸಾಕ್ಷಿಗೆ ಕೊಹಿನೂರನ್ನೇ ಕರೆಯುತ್ತೇನೆ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಮಹಾಪ್ರದರ್ಶನದಲ್ಲಿ ಅದನ್ನಿಟ್ಟಾಗ ಜನ ಮುಗಿಬಿದ್ದು ಬಂದರು, ಮುಖ ಸಣ್ಣ ಮಾಡಿಕೊಂಡು ಹೋದರು. ಗಾಜಿನ ತುಂಡಿನ ಹಾಗಿದೆ ಎಂಬ ದೂರು. ಸುತ್ತ ಕತ್ತಲೆ ಮಾಡಿ ಗ್ಯಾಸ್ ದೀಪ ಹಚ್ಚಿದರೂ ಅದು ಜನ ಬಯಸಿದಷ್ಟು ಮಿನುಗಲಿಲ್ಲ. ಮರುವರ್ಷ ರಾಣಿಯ ಪತಿ ಆಲ್ಬರ್ಟ್ ಡಚ್ ಕುಶಲಕರ್ಮಿಗಳನ್ನು ಕರೆಸಿ ಹೊಸದಾಗಿ ಕೊರೆಸಿದ. ಇಂದಿನ ಅಳತೆಯಲ್ಲಿ ಸುಮಾರು 191 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಪುಡಿಯಾಗಿ ಹೋಯಿತು, ಹೊಳಪು ಬಂತು. ಕಲ್ಲಿನ ಬಣ್ಣ ಹಿಂದಿನದೇ, ಹುಟ್ಟಿದ ಗಣಿಯೂ ಅದೇ, ಬದಲಾದದ್ದು ಕೋನಗಳು. (ಒಯ್ದ ಮಾಲನ್ನು ಕೊರೆಸಲು ಅವರ‍್ಯಾರು ಎಂಬುದು ಬೇರೆ ಮೊಕದ್ದಮೆ.) ವಜ್ರದೊಳಗೆ ಹೊಕ್ಕ ಬೆಳಕು ತಳದ ಮುಖಗಳಿಗೆ ಸರಿಯಾದ ಕೋನದಲ್ಲಿ ಬಡಿದರೆ ಒಳಗೇ ಪುಟಿದು ಮೇಲಿನಿಂದ ವಾಪಸು ಬರುತ್ತದೆ. ಹರಳು ತೀರ ಚಪ್ಪಟೆಯಾದರೂ ತೀರ ಆಳವಾದರೂ ಬೆಳಕು ಕೆಳಗಿನಿಂದಲೋ ಪಕ್ಕದಿಂದಲೋ ಸೋರಿಹೋಗುತ್ತದೆ. ಈ ಲೆಕ್ಕವನ್ನು ಗಣಿತ ಹಾಕಿ 1919ರಲ್ಲಿ ಪುಸ್ತಕ ಮಾಡಿದವನು ಮಾರ್ಸೆಲ್ ಟೋಲ್ಕೋವ್‌ಸ್ಕಿ. ಆದರೂ ತೂಕಕ್ಕೆ ಬೆಲೆ ಸಿಗುವ ಕಡೆ ಕೊರೆಯುವವರು ಹರಳಿನ ಹೊಟ್ಟೆಯಲ್ಲಿ ಒಂದಿಷ್ಟು ತೂಕ ಉಳಿಸಿಕೊಳ್ಳುವುದು ಸಹಜ. ಆ ಹೊಟ್ಟೆ ಚಿನ್ನದ ಗೂಡಿನೊಳಗೆ ಅಡಗುತ್ತದೆ. ನೀವು ಅದಕ್ಕೂ ದುಡ್ಡು ಕೊಡುತ್ತೀರಿ. ದುಂಡು ಹರಳಿನ ಕಟ್‌ಗೆ ಜಿಐಎ 2006ರಿಂದ ದರ್ಜೆ ಕೊಡುತ್ತಿದೆ. ಆ ಸಾಲಿನಲ್ಲಿ ಎಕ್ಸಲೆಂಟ್ ಎಂದಿದೆಯೇ ನೋಡಿ. ಜಿಪುಣತನ ತೋರಬಾರದ ಜಾಗ ಇದೊಂದೇ.

ಕಾಗದದ ಗುಣ ಎಷ್ಟು ಬೇಗ ಸೋಲುತ್ತದೆ ಎಂಬುದಕ್ಕೆ ಎಣ್ಣೆನೀರಿನ ಹಬ್ಬ ಸಾಕು. ವಜ್ರಕ್ಕೆ ಜಿಡ್ಡೆಂದರೆ ಪ್ರಾಣ. ಗಣಿಗಳಲ್ಲಿ ಗ್ರೀಸ್ ಬಳಿದ ಹಲಗೆಯ ಮೇಲೆ ಕಲ್ಲುಪುಡಿಯನ್ನು ನೀರಿನ ಜೊತೆ ಹರಿಸಿ ವಜ್ರವನ್ನು ಬೇರ್ಪಡಿಸುತ್ತಿದ್ದದ್ದು ಈ ಗುಣದಿಂದಲೇ. ಉಳಿದ ಕಲ್ಲು ಜಾರಿಹೋಗುತ್ತದೆ, ವಜ್ರ ಅಂಟಿಕೊಳ್ಳುತ್ತದೆ. ನರಕ ಚತುರ್ದಶಿಯ ದಿನ ನೆತ್ತಿಗೆ ತಟ್ಟಿದ ಹರಳೆಣ್ಣೆ ಕಿವಿಗಿಳಿದು, ಅದಕ್ಕೆ ಪೌಡರು, ಅರಿಶಿನ ಸೇರಿ ಓಲೆಯ ಹಿಂಬದಿಯಲ್ಲಿ ಕೂತರೆ, ಅತ್ಯುಚ್ಚ ದರ್ಜೆಯ ಹರಳು ಪಕ್ಕದ ಮನೆಯ ಸಾಧಾರಣ ಹರಳಿನ ಮುಂದೆ ತಲೆತಗ್ಗಿಸುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆಯ ಬ್ರಷ್. ಎರಡು ದರ್ಜೆ ಮೇಲೇರಿದಷ್ಟು ಫಲ, ಖರ್ಚು ಎರಡು ರೂಪಾಯಿ.

ಮುಂದೆ ಮಾರುವಾಗ ಈ ದರ್ಜೆಗಳೇ ಕಾಪಾಡುವುದಲ್ಲವೇ ಎಂದು ಲೆಕ್ಕಾಚಾರದವರು ಕೇಳುತ್ತಾರೆ. ಕಾಪಾಡುವುದು ಅಷ್ಟಕ್ಕಷ್ಟೆ. ಚಿನ್ನಕ್ಕೆ ದಿನಪತ್ರಿಕೆಯಲ್ಲಿ ದಿನಕ್ಕೊಂದು ದರ ಬರುತ್ತದೆ. ವಜ್ರಕ್ಕೆ ಹಾಗೆ ಎಲ್ಲರೂ ಒಪ್ಪುವ ಬಜಾರು ದರವಿಲ್ಲ. ಅಂಗಡಿಯಿಂದ ಹೊರಬಿದ್ದ ಹರಳು ಮತ್ತೆ ಒಳಹೋಗುವಾಗ ಬಡವಾಗಿರುತ್ತದೆ. ಮೇಲಿನ ದರ್ಜೆಗೆ ಹೆಚ್ಚು ತೆತ್ತವರು ಕಳೆದುಕೊಳ್ಳುವುದೂ ಹೆಚ್ಚು. ಉಳಿತಾಯಕ್ಕಾದರೆ ಚಿನ್ನ ಕೊಳ್ಳಿ, ವಜ್ರವನ್ನು ಹಾಕಿಕೊಳ್ಳುವುದಕ್ಕೆ ಕೊಳ್ಳಿ. ಈಗಂತೂ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಬಂದು ಶ್ರೇಣಿಯ ಗರ್ವವನ್ನೇ ಇಳಿಸಿದೆ. ಅದೂ ಅಪ್ಪಟ ಇಂಗಾಲವೇ, ಬರಿಗಣ್ಣಿಗೆ ಭೇದ ತಿಳಿಯದು. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಂದಿನ ಅಧ್ಯಕ್ಷರ ಪತ್ನಿಗೆ ಕೊಟ್ಟ ಏಳೂವರೆ ಕ್ಯಾರೆಟ್ ವಜ್ರ ಇಂಥದ್ದೇ. ಇವುಗಳಲ್ಲಿ ಬಹುಪಾಲು ಮೇಲಿನ ದರ್ಜೆಗಳಲ್ಲೇ ಗುಂಪುಗೂಡುವುದರಿಂದ, ಇವಕ್ಕೆ ಡಿಯಿಂದ ಜೆಡ್‌ವರೆಗಿನ ಅಕ್ಷರ ಕೊಡುವುದನ್ನೇ ನಿಲ್ಲಿಸುವುದಾಗಿ ಜಿಐಎ 2025ರಲ್ಲಿ ಸಾರಿತು. ಎಲ್ಲರೂ ಮೊದಲ ದರ್ಜೆಯಲ್ಲಿ ಪಾಸಾದ ಮೇಲೆ ಪರೀಕ್ಷೆ ಯಾಕೆ? ಗಣಿಯದೇ ಬೇಕೆನ್ನುವವರು ಕೊಳ್ಳಲಿ, ಅದು ಅವರ ಪ್ರೀತಿ. ಬೆಳೆಸಿದ್ದನ್ನು ಗಣಿಯದೆಂದು ನಂಬಿ ಕೊಳ್ಳುವುದು ಮಾತ್ರ ಬೇಡ. ಯಾವುದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಷ್ಟೆಲ್ಲ ಹೇಳಿದರೂ ಮನೆಯ ಹಿರಿಯರ ಆಕ್ಷೇಪ ಉಳಿಯುತ್ತದೆ: ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ಮೂರು ದಿನ ಮನೆಯಲ್ಲಿಟ್ಟು ನೋಡಬೇಕು. ದೋಷದ ಮಾತನ್ನು ನಾನು ಒಪ್ಪುವುದಿಲ್ಲ, ಪದ್ಧತಿಗೆ ಮಾತ್ರ ಕೈಮುಗಿಯುತ್ತೇನೆ. ಅಂಗಡಿಯ ಚಾವಣಿಯಲ್ಲಿ ಚುಚ್ಚುವಂಥ ಪುಟ್ಟ ಪುಟ್ಟ ದೀಪಗಳಿರುತ್ತವೆ, ಅವುಗಳ ಕೆಳಗೆ ಎಂಥ ಹರಳೂ ಕುಣಿಯುತ್ತದೆ. ಅದೇ ಹರಳನ್ನು ಮನೆಗೆ ತಂದು ಅಡುಗೆಮನೆಯ ಟ್ಯೂಬ್‌ಲೈಟಿನಲ್ಲಿ, ಜಗುಲಿಯ ನೆರಳಿನಲ್ಲಿ, ಮಳೆಮೋಡದ ಮಧ್ಯಾಹ್ನದಲ್ಲಿ ನೋಡಿದರೆ ಅದರ ಯೋಗ್ಯತೆ ತಿಳಿಯುತ್ತದೆ. ಕೆಟ್ಟ ಕನಸು ಬೀಳದಿದ್ದರೂ ಮಂಕು ಹರಳನ್ನು ವಾಪಸು ಕೊಡಲು ಅದು ಮರ್ಯಾದಸ್ಥ ನೆಪ. ಮನೆಗೆ ಕೊಡಲು ಅಂಗಡಿಯವರು ಒಪ್ಪದಿದ್ದರೆ ಬಾಗಿಲ ಬಳಿಯ ಬೆಳಕಿಗಾದರೂ ತಂದು ನೋಡಿ. ಪ್ರಮಾಣಪತ್ರವಿದ್ದರೆ ಅದರ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ತಾಳೆ ನೋಡಿ. ಹರಳಿನ ಅಂಚಿನಲ್ಲಿ ಲೇಸರಿನಿಂದ ಕೊರೆದ ಸಂಖ್ಯೆಯಿದ್ದರೆ ಮಸೂರ ಕೇಳಿ ಓದಿ, ಮಸೂರದಿಂದ ನಿಮಗೆ ಆಗುವ ಉಪಯೋಗ ಅದೇ. ಚಿನ್ನದ ತೂಕ, ಹರಳಿನ ತೂಕ, ಮಜೂರಿ ಬಿಲ್ಲಿನಲ್ಲಿ ಬೇರೆ ಬೇರೆ ಇರಲಿ. ಹಾಲ್‌ಮಾರ್ಕ್ ಇದೆ ಎಂದು ಯಾರಾದರೂ ಹರಳಿನ ಬಗ್ಗೆಯೂ ಧೈರ್ಯ ಹೇಳಿದರೆ ನಂಬಬೇಡಿ. ಬಿಐಎಸ್ ಮುದ್ರೆಯೂ ಅದರ ಜೊತೆಗಿನ ಆರು ಅಕ್ಷರಾಂಕಿಗಳ ಎಚ್‌ಯುಐಡಿಯೂ ಖಾತ್ರಿ ಕೊಡುವುದು ಚಿನ್ನದ ಶುದ್ಧತೆಗೆ ಮಾತ್ರ; ವಜ್ರದ ಗುಣಮಟ್ಟದ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.