ಜೆಟ್ಟಿಗೆ ಅಡ್ಡಿಯಿಲ್ಲ

ಜೌಗು ಪ್ರದೇಶಗಳನ್ನು ಕಾಪಾಡಲು ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ನಿಯಮ ಬಲು ಕಟ್ಟುನಿಟ್ಟಿನದು. ಹಿಂದಿನ ಹತ್ತು ವರ್ಷಗಳಲ್ಲಿ ನೀರು ಸರಾಸರಿ ಎಲ್ಲಿಯ ತನಕ ಏರಿತ್ತೋ ಅಲ್ಲಿಂದ 50 ಮೀಟರಿನೊಳಗೆ ಕಾಯಂ ಕಟ್ಟಡ ಕಟ್ಟಕೂಡದು. ದೋಣಿ ನಿಲ್ಲಿಸುವ ಜೆಟ್ಟಿಗೆ ಮಾತ್ರ ಅಡ್ಡಿಯಿಲ್ಲ.

ಬರೆದ ಪುಣ್ಯಾತ್ಮರು ಆಂಧ್ರದ ರಾಯದುರ್ಗದ ಕಡೆ ಬಂದವರಲ್ಲ. ಇಲ್ಲಿ ಹತ್ತು ವರ್ಷ ಕೋಡಿ ಬೀಳದ ಕೆರೆಯಲ್ಲಿ ಸರಾಸರಿ ನೀರು ಹುಡುಕುತ್ತ ಹೋದರೆ ತೂಬು ದಾಟಿ, ಜಾಲಿ ಪೊದೆ ದಾಟಿ, ಎಮ್ಮೆ ಹೊರಳಿದ ಗುಂಡಿಯ ಹತ್ತಿರ ನಿಲ್ಲಬೇಕಾಗುತ್ತದೆ. ಅಲ್ಲಿಂದ 50 ಮೀಟರ್ ಟೇಪು ಹಿಡಿದರೆ ರೆಸಾರ್ಟು ಕೆರೆಯಂಗಳದಲ್ಲೇ ನಿಯಮ ಮೀರದೆ ಎದ್ದು ನಿಲ್ಲಬಹುದು. ಲೇಕ್ ವ್ಯೂ ರೂಮು ಯಾವುದು ಎಂದು ಕೇಳಿದವರಿಗೆ ಎಲ್ಲವೂ ಅನ್ನಬಹುದು.

ಅಷ್ಟು ತ್ರಾಸವೂ ಬೇಡ. ನೀರಾವರಿಗೆಂದೇ ಕಟ್ಟಿದ್ದು ಜೌಗು ಪ್ರದೇಶದ ಲೆಕ್ಕಕ್ಕಿಲ್ಲ ಎಂದು ಅದೇ ನಿಯಮ ಹೇಳಿಬಿಟ್ಟಿದೆ. ನಮ್ಮ ಹಿರಿಯರು ಕೆರೆ ಕಟ್ಟಿಸಿದ್ದು ಗದ್ದೆಗೆ. ಕೊಕ್ಕರೆಯ ಹೆಸರಿಗೊಂದು ಶಾಸನ ಹಾಕಿಸುವ ಮುಂದಾಲೋಚನೆ ಅವರಿಗಿರಲಿಲ್ಲ. ವೇದಾವತಿಗೆ ಅಡ್ಡ ಕಟ್ಟಿದ ಭೈರವಾನಿತಿಪ್ಪವೂ ನೀರಾವರಿಯದೇ. ಗಡಿಯಾಚೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ಬೆಳೆಗೆ ನೀರುಣಿಸಲು ಕಟ್ಟಿದ ಕೆರೆ. ಅದು ಮಾತ್ರ 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿ ಜಗತ್ಪ್ರಸಿದ್ಧ ಜೌಗಾಯಿತು. ಕೆರೆಗೆ ನೀರಿಗಿಂತ ಮೊದಲು ಪಟ್ಟಿ ಬೇಕು.

ಮಡಕಶಿರಾದಿಂದ ಹಿಂದೂಪುರ ದಾಟಿ ಚಿಲಮತ್ತೂರು ಕಡೆ ಹೋದರೆ ವೀರಾಪುರ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಮನೆ ಮುಂದೆ ಹಿಕ್ಕೆ, ಮೀನಿನ ನಾತ. ಊರವರು ಮಾತ್ರ ಹೆರಿಗೆಗೆ ತವರಿಗೆ ಬಂದ ಮಗಳನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಾರೆ. ಬಾಣಂತಿ ಕೋಣೆಗೆ ಟಿಕೆಟ್ ಇಡಬೇಕೆಂಬುದು ಇನ್ನೂ ಹೊಳೆದಿಲ್ಲ, ಪಾಪ. ಅದನ್ನು ಹೇಳಿಕೊಡುವವರು ಬೆಂಗಳೂರಿನಿಂದ ಬರುತ್ತಾರೆ. ಶನಿವಾರ ಲೇಪಾಕ್ಷಿಯ ತೂಗು ಕಂಬದಡಿ ಟವೆಲು ಎಳೆದು, ಕಂಬ ತೂಗುವುದನ್ನು ಖಾತ್ರಿ ಮಾಡಿಕೊಂಡು, ಉಳಿದ ಹೊತ್ತಿಗೆ ಪ್ರಕೃತಿ.

"ಏನಜ್ಜ, ಇವು ಹಾರೋದು ಎಷ್ಟೊತ್ತಿಗೆ?"

"ಮರಿಗೆ ಮೀನು ತರಾಕೆ ಹೋದಾಗ ಹಾರ್ತಾವೆ ಸಾಮಿ."

"ಈಗ್ಲೇ ಒಂದ್ಸಲ ಹಾರ್ಸೋಕಾಗಲ್ವಾ? ರೀಲ್ಸ್‌ಗೆ."

ಏಪ್ರಿಲ್ ಬಿಸಿಲಲ್ಲಿ ತಾಯಿ ಕೊಕ್ಕರೆ ರೆಕ್ಕೆ ಅರ್ಧ ಬಿಚ್ಚಿ, ಗೂಡಿಗೆ ನೆರಳು ಹಿಡಿದು ನಿಂತಿರುತ್ತದೆ. ತಲೆಯ ಮೇಲೆ ಡ್ರೋನು ಗುಂಯ್‌ಗುಟ್ಟಿದರೆ ಅದು ಎದ್ದು ಹೋದೀತು. ಮೈಮೇಲೆ ಇನ್ನೂ ಗರಿ ಬಲಿಯದ ಮರಿ ಬಿಸಿಲಿಗೂ ಕಾಗೆಗೂ ಒಟ್ಟಿಗೆ ಸಿಗುತ್ತದೆ. ವಿಡಿಯೊ ಮಾತ್ರ ಚೆನ್ನಾಗಿ ಬರುತ್ತದೆ. ಕೆಳಗೆ "ಸೇವ್ ಬರ್ಡ್ಸ್" ಎಂದು ಬರೆದಿರುತ್ತದೆ.

ಹಾಗೆಂದು ಪ್ರವಾಸೋದ್ಯಮಕ್ಕೆ ನಾನು ಅಡ್ಡಗಾಲು ಹಾಕುವವನಲ್ಲ. 2022ರಲ್ಲಿ ಜಿಲ್ಲೆ ಒಡೆದು ರಾಯದುರ್ಗ ಅನಂತಪುರದಲ್ಲೇ ಉಳಿಯಿತು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ತಾರತಮ್ಯ ಬೇಡ, ಎರಡು ಜಿಲ್ಲೆಗೂ ಒಂದೊಂದು ಜೆಟ್ಟಿ ಕೊಡಿ. ಟೆಂಡರಿನಲ್ಲಿ ಒಂದೇ ಷರತ್ತು ಸೇರಿಸಿದರೆ ಸಾಕು: ಬೋಟಿಗೆ ನಾಲ್ಕು ಗಾಲಿ, ಒಂದು ಸ್ಟೆಪ್ನಿ.